ಹನ್ನೊಂದು ವರ್ಷದ ಕುದುರೆಗೆ ಈಗ ಸವಾರಿ ಕಲಿಸಬಹುದಾ?

ಪ್ರಶ್ನೆ: ನಮ್ಮದು ಚಿಕ್ಕೋಡಿ ಕಡೆಯ ಹಳ್ಳಿ. ವಲಸೆ ಹೋಗುವ ಕುರಿಗಾರರಿಂದ ಒಂದು ಹೆಣ್ಣುಕುದುರೆ ಕೊಂಡಿದ್ದೇನೆ. ವಯಸ್ಸು 11 ಅಂತ ಹೇಳಿದರು. ಇಷ್ಟು ವರ್ಷ ಪಾತ್ರೆಪಗಡೆ, ಬಲೆ, ಕುರಿಮರಿ ಹೊತ್ತು ನಡೆದಿದೆ. ಮೂರು ಮರಿ ಹಾಕಿದೆ. ಮೇಲೆ ಯಾರೂ ಕೂತಿಲ್ಲವಂತೆ. ಬಹಳ ಸಾಧು, ಏನು ಮಾಡಿದರೂ ಸುಮ್ಮನೆ ನಿಲ್ಲುತ್ತದೆ. ನನಗೂ ನನ್ನ 15 ವರ್ಷದ ಮಗಳಿಗೂ ಸವಾರಿ ಮಾಡುವ ಆಸೆ. ನನ್ನ ತೂಕ 74 ಕೆ.ಜಿ., ಮಗಳದು 42. ಊರಲ್ಲಿ ಕೆಲವರು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತಾರೆ. ಇನ್ನೊಬ್ಬರು, ಬೆನ್ನಿಗೆ ಮರಳಿನ ಚೀಲ ಕಟ್ಟಿ, ಉತ್ತ ಹೊಲದಲ್ಲಿ ಸುಸ್ತಾಗುವ ತನಕ ಓಡಿಸಿ, ಆಮೇಲೆ ಹತ್ತಿ ಕೂತುಬಿಡಿ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಗಾದೆ ಗಿಡಮರದ ಮಟ್ಟಿಗೆ ಇರಲಿ. ಕುದುರೆಯ ಮಟ್ಟಿಗೆ 11 ವರ್ಷ ತಡವೇನಲ್ಲ. ಚೆನ್ನಾಗಿ ನೋಡಿಕೊಂಡರೆ ಕುದುರೆ 25-30 ವರ್ಷ ಬದುಕುತ್ತದೆ. ಒಲಿಂಪಿಕ್ಸ್‌ನಲ್ಲಿ ಬೇಲಿ ಹಾರುವ ಕುದುರೆಗಳಲ್ಲಿ ಹತ್ತು ವರ್ಷ ದಾಟಿದವು ಬೇಕಾದಷ್ಟಿರುತ್ತವೆ. ಮರಳಿನ ಚೀಲದ ಸಲಹೆಯನ್ನಂತೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಯಸ್ಸಿನಿಂದ ನಿಮಗೆ ಒಂದು ಲಾಭವೂ ಇದೆ. ಕುದುರೆಯ ಎಲುಬು ಬಲಿಯುವುದು ಕೆಳಗಿನಿಂದ ಮೇಲಕ್ಕೆ. ಗೊರಸಿನ ಹತ್ತಿರದ ಎಲುಬುಗಳು ಬೇಗ ಬಲಿತುಬಿಡುತ್ತವೆ. ಬೆನ್ನುಮೂಳೆಯದು ಎಲ್ಲಕ್ಕಿಂತ ಕೊನೆಯ ಸರದಿ, ಐದೂವರೆ ಆರು ವರ್ಷ ಹಿಡಿಯುತ್ತದೆ. ರೇಸ್ ಕುದುರೆಗಳ ಬೆನ್ನಿಗೆ ಎರಡು ವರ್ಷ ತುಂಬುವ ಹೊತ್ತಿಗೆಲ್ಲ ಜೀನು ಬಿದ್ದಿರುತ್ತದೆ, ಆ ಹೊತ್ತಿಗೆ ಅವುಗಳ ಬೆನ್ನುಮೂಳೆ ಇನ್ನೂ ಬಲಿತಿರುವುದಿಲ್ಲ. ನಿಮ್ಮ ಕುದುರೆಗೆ ಆ ಚಿಂತೆಯಿಲ್ಲ. ಅದರ ಎಲುಬು ಪೂರ್ತಿ ಬಲಿತಾಗಿದೆ.

ಹಾಗಾದರೆ ತೊಡಕು ಎಲ್ಲಿದೆ? ಎರಡು ಕಡೆ. ಒಂದು, ಅದರ ತಲೆಯಲ್ಲಿ ಈಗಾಗಲೇ ತುಂಬಿರುವ ಪಾಠ. ಇನ್ನೊಂದು, ನಿಮ್ಮ ತೂಕ.

ಎಳೆಯ ಕುದುರೆಗೆ ಏನೂ ಗೊತ್ತಿರುವುದಿಲ್ಲ. ಕಲಿಸಿದ್ದನ್ನು ಕಲಿಯುತ್ತದೆ. ಹನ್ನೊಂದು ವರ್ಷದ ಕುದುರೆ ಹಾಗಲ್ಲ. ಮನುಷ್ಯ ಹತ್ತಿರ ಬಂದರೆ ಏನಾಗುತ್ತದೆ, ಹಗ್ಗ ಬಿಗಿಯಾದರೆ ಏನು ಮಾಡಬೇಕು, ಎಲ್ಲಿ ನೋವಾಗುತ್ತದೆ, ಯಾವುದನ್ನು ಎದುರಿಸಿ ಪ್ರಯೋಜನವಿಲ್ಲ, ಇದೆಲ್ಲ ಅದಕ್ಕೆ ಪಕ್ಕಾ ಗೊತ್ತು. ಹೊಸದು ಕಲಿಸುವ ಮೊದಲು ಅದು ಏನೇನು ಕಲಿತಿದೆ ಅಂತ ನೀವು ತಿಳಿಯಬೇಕು. ನಿಮ್ಮ ಕೆಲಸದ ಅರ್ಧ ಭಾಗ ಇದೇ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು 'ಬಹಳ ಸಾಧು' ಅನ್ನೋದು. ಸುಮ್ಮನೆ ನಿಲ್ಲುವ ಕುದುರೆಗಳಲ್ಲಿ ಎರಡು ಬಗೆ. ಒಂದು ನಿಜವಾಗಿ ನೆಮ್ಮದಿಯಿಂದ ನಿಂತಿರುತ್ತದೆ. ಇನ್ನೊಂದು, ಏನು ಮಾಡಿದರೂ ತಪ್ಪಿಸಿಕೊಳ್ಳಲು ಆಗಲ್ಲ ಅಂತ ಕಲಿತು ಬಿಗಿದುಕೊಂಡು ನಿಂತಿರುತ್ತದೆ. ವರ್ಷಗಟ್ಟಲೆ ತಲೆ ಕಟ್ಟಿ ಹೇರು ಹೇರಿಸಿಕೊಂಡ ಕುದುರೆಗಳಲ್ಲಿ ಎರಡನೆಯ ಬಗೆ ಜಾಸ್ತಿ. ಜೀನು ಹಾಕಿದರೂ ಸುಮ್ಮನಿರುತ್ತದೆ, ಮೇಲೆ ಕೂತರೂ ಸುಮ್ಮನಿರುತ್ತದೆ, 'ಒಂದೇ ದಿನಕ್ಕೆ ಕಲಿತುಬಿಡ್ತು' ಅಂತ ಮನೆಯವರು ಖುಷಿಪಡುತ್ತಾರೆ. ಮೂರನೆಯ ವಾರ ಯಾವುದೋ ಪ್ಲಾಸ್ಟಿಕ್ ಚೀಲ ಹಾರಿದ್ದೇ ನೆಪವಾಗಿ, ಅಷ್ಟೂ ದಿನ ಒಳಗೇ ಇಟ್ಟುಕೊಂಡಿದ್ದು ಒಂದೇ ಸಲ ಹೊರಗೆ ಬರುತ್ತದೆ. ಆಗ ಮೇಲಿದ್ದವರು ನೆಲದಲ್ಲಿರುತ್ತಾರೆ.

ಎರಡು ಬಗೆಯನ್ನೂ ಬೇರೆ ಮಾಡಿ ನೋಡುವುದು ಹೇಗೆ? ಪಕ್ಕೆ ನೋಡಿ. ನೀವು ಹೊಟ್ಟೆಯ ಮೇಲೆ ಕೈಯಿಟ್ಟಾಗ ಉಸಿರಾಟ ಹಾಗೇ ಸಾಗುತ್ತಿದೆಯಾ, ನಿಂತುಹೋಯಿತಾ? ನೆಮ್ಮದಿಯ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ, ಕಣ್ಣು ಮಿಟುಕಿಸುತ್ತದೆ, ನೀವು ಮಾತಾಡಿದರೆ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ಕೆಳತುಟಿ ಸಡಿಲವಾಗಿರುತ್ತದೆ. ಬಿಗಿದುಕೊಂಡ ಕುದುರೆ ಉಸಿರು ಹಿಡಿಯುತ್ತದೆ. ಕಣ್ಣು ಮಿಟುಕಿಸುವುದು ಕಡಿಮೆ. ಕಿವಿ ಎಲ್ಲೋ ಒಂದು ಕಡೆ ನೆಟ್ಟಿರುತ್ತದೆ. ಮೂಗಿನ ಹೊಳ್ಳೆಯ ಮೇಲ್ಭಾಗದಲ್ಲಿ ಸಣ್ಣ ಸುಕ್ಕು ಬೀಳುತ್ತದೆ, ಬಾಲ ಹಿಂಗಾಲಿಗೆ ಒತ್ತಿಕೊಂಡಿರುತ್ತದೆ. ಮೊದಲ ವಾರ ಬೇರೇನೂ ಮಾಡಬೇಡಿ. ಮೈ ಉಜ್ಜಿ, ಇದನ್ನೆಲ್ಲ ಗಮನಿಸಿ, ಎಲ್ಲಿ ಮುಟ್ಟಿದಾಗ ಉಸಿರು ನಿಲ್ಲುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆ ಪಟ್ಟಿಯೇ ನಿಮ್ಮ ಪಾಠದ ಪಟ್ಟಿ.

'ಯಾರೂ ಕೂತಿಲ್ಲ' ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಕುರಿಗಾರರು ಸುಳ್ಳು ಹೇಳಿದರು ಅಂತಲ್ಲ. ಹುಡುಗರು ಆಟಕ್ಕೆ ಹತ್ತಿರಬಹುದು. ಯಾರೋ ಹತ್ತಲು ಹೋಗಿ ಬಿದ್ದು, ಅಲ್ಲಿಗೇ ಬಿಟ್ಟಿರಲೂಬಹುದು. ಹಾಗೆ ಬೀಳಿಸಿ ಗೆದ್ದ ಕುದುರೆ ಅದನ್ನು ಮರೆಯುವುದಿಲ್ಲ. ಹೆಗಲ ಉಬ್ಬಿನ ಎರಡೂ ಬದಿ, ಬೆನ್ನು, ಮುಂಗಾಲ ಹಿಂದಿನ ಪಕ್ಕೆ, ಈ ಮೂರು ಕಡೆ ಬಿಳಿ ಕೂದಲಿನ ಮಚ್ಚೆಗಳಿವೆಯಾ ನೋಡಿ. ಹುಟ್ಟಿನಿಂದ ಬಂದ ಬಿಳುಪಲ್ಲದಿದ್ದರೆ ಅದು ಹಳೇ ಹೇರಿನ ಗಾಯದ ಗುರುತು. ಅಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಬೆನ್ನು ಕೆಳಕ್ಕೆ ಜಗ್ಗಿದರೆ ಅಥವಾ ಚರ್ಮ ಅದುರಿದರೆ ನೋವು ಇನ್ನೂ ಇದೆ ಅಂತ ಅರ್ಥ. ಆ ನೋವು ಹೋಗುವ ತನಕ ಜೀನಿನ ಮಾತೇ ಬೇಡ.

ವಯಸ್ಸನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ದಾನ ಕೊಟ್ಟ ಎಮ್ಮೆಯ ಹಲ್ಲು ನೋಡಬಾರದು ಅಂತಾರೆ, ನೀವು ದುಡ್ಡು ಕೊಟ್ಟಿದ್ದೀರಲ್ಲ, ಧಾರಾಳವಾಗಿ ನೋಡಿ. ಮೇಲಿನ ಮುಂದಿನ ಸಾಲಿನ ಅಂಚಿನ ಹಲ್ಲಿನಲ್ಲಿ ಸುಮಾರು 10ನೇ ವರ್ಷಕ್ಕೆ ವಸಡಿನ ಹತ್ತಿರ ಕಂದು ಬಣ್ಣದ ಗೀರು ಕಾಣಿಸಿಕೊಳ್ಳುತ್ತದೆ. 15ಕ್ಕೆ ಅದು ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಲೆಕ್ಕ ಒಂದೆರಡು ವರ್ಷ ಆಚೀಚೆ ಆಗಬಹುದು. ಆದರೆ 11 ಅಂದಿದ್ದು 18 ಆಗಿದ್ದರೆ ಗೊತ್ತಾಗಿಬಿಡುತ್ತದೆ.

ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರನ್ನು ಒಮ್ಮೆ ಕರೆಸಿ. ಮೊದಲ ಪ್ರಶ್ನೆ, ಗಬ್ಬ ಇದೆಯಾ ಅಂತ. ಹಿಂಡಿನಿಂದ ಬಂದ ಹೆಣ್ಣುಕುದುರೆಗೆ ಇದನ್ನು ಕೇಳಲೇಬೇಕು. ಕುದುರೆಯ ಗಬ್ಬ 11 ತಿಂಗಳು, ಹೊಟ್ಟೆ ಕಾಣುವುದು ಬಹಳ ತಡವಾಗಿ. ಎರಡನೆಯದು ಸರ್ರಾ ರೋಗದ ರಕ್ತಪರೀಕ್ಷೆ. ಕಚ್ಚುವ ನೊಣಗಳಿಂದ ಹರಡುವ ಈ ರೋಗದಲ್ಲಿ ಜ್ವರ ಬಂದುಹೋಗಿ ಮಾಡುತ್ತದೆ, ರಕ್ತ ಕಡಿಮೆಯಾಗುತ್ತದೆ, ಹಿಂಭಾಗ ಸೋಲುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನ ಅಥವಾ ಸಾಧುತನದ ಹಾಗೆ ಕಾಣುತ್ತದೆ. ಧನುರ್ವಾಯುವಿನ ಲಸಿಕೆ, ಜಂತಿನ ಔಷಧ, ದವಡೆ ಹಲ್ಲಿನ ಚೂಪು ಅಂಚುಗಳನ್ನು ಉಜ್ಜಿಸುವುದು, ಗೊರಸು ಕತ್ತರಿಸುವುದು, ಇವೆಲ್ಲ ಅದೇ ಸುತ್ತಿನಲ್ಲಿ ಮುಗಿಯಲಿ. ಗೊರಸನ್ನು ಮುಂದೆಯೂ ಆರರಿಂದ ಎಂಟು ವಾರಕ್ಕೊಮ್ಮೆ ನೋಡಿಸಬೇಕು.

ಈಗ ಸ್ವಲ್ಪ ಬೇಜಾರಿನ ಸುದ್ದಿ. ಕುದುರೆಯ ತೂಕ ಲೆಕ್ಕ ಹಾಕಲು ತಕ್ಕಡಿ ಬೇಕಿಲ್ಲ, ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಆಮೇಲೆ ಭುಜದ ಮುಂದಿನ ತುದಿಯಿಂದ ಪೃಷ್ಠದ ಹಿಂದಿನ ತುದಿಯ ತನಕ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದಲ್ಲಿ ತೂಕ ಸಿಗುತ್ತದೆ. ಕುರಿಗಾರರ ಕುದುರೆಗಳು ಸಾಮಾನ್ಯವಾಗಿ ಚಿಕ್ಕವು, ಗಟ್ಟಿಮುಟ್ಟು. ಭೀಮಾ ತೀರದ ಭೀಮಥಡಿ ತಳಿಯೂ ಇದೇ ಮೈಕಟ್ಟಿನದು. ಸುತ್ತಳತೆ 150, ಉದ್ದ 135 ಅಂತಿಟ್ಟುಕೊಂಡರೆ ತೂಕ ಸುಮಾರು 255 ಕೆ.ಜಿ. ಬರುತ್ತದೆ.

ಕುದುರೆ ತನ್ನ ತೂಕದ ಶೇ. 20ರಷ್ಟು ಹೊರಬಹುದು ಅನ್ನೋದು ಎಲ್ಲರೂ ಬಳಸುವ ಮೇಲಿನ ಮಿತಿ. ಅಮೆರಿಕದ ಒಹಾಯೊದಲ್ಲಿ ಕುದುರೆಗಳ ಮೇಲೆ ಶೇ. 15, 20, 25, 30ರ ತೂಕ ಹೇರಿ ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬೆನ್ನಿನ ಸ್ನಾಯು ನೋವು, ಬಿಗಿತ ಎದ್ದು ಕಂಡಿದ್ದು 25 ಮತ್ತು 30ರಲ್ಲಿ. ಅವು ಪಳಗಿದ ಕುದುರೆಗಳು. ನಿಮ್ಮದು ಈಗಷ್ಟೇ ಶುರು ಮಾಡುವ ಕುದುರೆ, ಮೊದಲ ತಿಂಗಳುಗಳಲ್ಲಿ ಶೇ. 15ರ ಹತ್ತಿರ ಇದ್ದರೆ ಒಳ್ಳೆಯದು. 255 ಕೆ.ಜಿ. ಕುದುರೆಗೆ ಶೇ. 20 ಅಂದರೆ 51 ಕೆ.ಜಿ. ಅದರಲ್ಲೇ ಜೀನಿನ ತೂಕವೂ ಸೇರಬೇಕು. 74 ಕೆ.ಜಿ.ಯ ನೀವು, 6 ಕೆ.ಜಿ.ಯ ಜೀನು ಸೇರಿದರೆ 80 ಆಯಿತು, ಅಂದರೆ ಶೇ. 31. 'ಇಷ್ಟು ವರ್ಷ ಇದಕ್ಕಿಂತ ಜಾಸ್ತಿ ಹೊತ್ತಿದೆಯಲ್ಲ' ಅನ್ನಬಹುದು. ಹೊತ್ತಿರಬಹುದು, ಆದರೆ ನಡಿಗೆಯಲ್ಲಿ, ಎರಡೂ ಬದಿಗೆ ಸಮ ಹಂಚಿದ, ಅಲ್ಲಾಡದ ಹೇರು ಅದು. ಮೇಲೆ ಕುಣಿಯುವ, ವಾಲುವ, ಟ್ರಾಟ್‌ನಲ್ಲಿ (ನಡಿಗೆಗಿಂತ ಚುರುಕಾದ ಕುಲುಕು ಓಟದಲ್ಲಿ) ಎದ್ದು ಕೂರುವ ಮನುಷ್ಯನ ಲೆಕ್ಕ ಬೇರೆ.

ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಳತೆಯೂ ಹೀಗೇ ಬಂದರೆ ಈ ಕುದುರೆಯನ್ನು ನೀವು ಪಳಗಿಸಿ, ಸವಾರಿ ನಿಮ್ಮ ಮಗಳಿಗಿರಲಿ. 42 ಕೆ.ಜಿ., ಹಗುರ ಜೀನು, ಅದು ಮಿತಿಯೊಳಗೆ ಬರುತ್ತದೆ. ನಿಮಗೆ ಸವಾರಿ ಬೇಕೇ ಬೇಕು ಅಂದರೆ 400 ಕೆ.ಜಿ. ತೂಗುವ ಬೇರೆ ಕುದುರೆ ನೋಡಿ.

ಇನ್ನು ಪಾಠಕ್ಕೆ ಬರೋಣ. ಹೇರಿನ ಕುದುರೆಗೆ ಗೊತ್ತಿರುವುದು ಕಡಿಮೆಯೇನಲ್ಲ. ಬೆನ್ನ ಮೇಲೆ ಭಾರ ಹೊರಲು ಗೊತ್ತು, ಹೊಟ್ಟೆಗೆ ಹಗ್ಗ ಬಿಗಿದರೆ ಗೊತ್ತು, ಲಾರಿ ಹಾರ್ನ್ ಗೊತ್ತು, ನಾಯಿ ಗೊತ್ತು. ಮೂರು ವರ್ಷದ ಕುದುರೆಗೆ ಇದಕ್ಕೇ ತಿಂಗಳುಗಟ್ಟಲೆ ಬೇಕು. ಗೊತ್ತಿಲ್ಲದಿರುವುದು ಏನು ಅಂದರೆ, ಬೆನ್ನ ಮೇಲಿನ ಭಾರಕ್ಕೆ ಜೀವ ಇರಬಹುದು, ಅದು ಮಾತಾಡಬಹುದು, ಅದರ ಮಾತಿಗೆ ತಾನು ಏನೋ ಮಾಡಬೇಕು ಅನ್ನೋದು. ಹೇರಿನ ಕುದುರೆ ಯಾವಾಗಲೂ ಮುಂದಿರುವವರನ್ನು ನೋಡಿ ಹಿಂಬಾಲಿಸುತ್ತದೆ. ಸವಾರಿಯ ಕುದುರೆ ಮುಂದೆ ಯಾರೂ ಇಲ್ಲದೆ ತಾನೇ ನಡೆಯಬೇಕು. ವಯಸ್ಸಾದ ಹೇರಿನ ಕುದುರೆಗೆ ಅತಿ ಕಷ್ಟದ ಪಾಠ ಇದು. ಒದೆಯುವುದು, ನೆಗೆಯುವುದು ಅಲ್ಲ, ಹೆಜ್ಜೆ ಎತ್ತದೆ ನಿಂತುಬಿಡುವುದೇ ನಿಮ್ಮ ದೊಡ್ಡ ಸಮಸ್ಯೆಯಾಗುವ ಸಾಧ್ಯತೆ ಜಾಸ್ತಿ.

ಆದ್ದರಿಂದ ಮೊದಲು ನೆಲದ ಪಾಠ. ಹಗ್ಗ ಹಿಡಿದು ಎಡಗಡೆಯಿಂದಲೂ ಬಲಗಡೆಯಿಂದಲೂ ನಡೆಸಿ. ಒಂದೇ ಬದಿಯಿಂದ ನಡೆದು ಅಭ್ಯಾಸವಾದ ಕುದುರೆ ಇನ್ನೊಂದು ಬದಿಗೆ ನೀವು ಬಂದರೆ ತಿರುಗಿ ನಿಲ್ಲುತ್ತದೆ. ಮೊಂಡುತನ ಅಲ್ಲ ಅದು. ಒಂದು ಬದಿಯಲ್ಲಿ ಒಗ್ಗಿದ್ದು ಇನ್ನೊಂದು ಬದಿಗೂ ಒಗ್ಗಿರುತ್ತದೆ ಅಂತ ಕುದುರೆಯ ವಿಷಯದಲ್ಲಿ ನೆಚ್ಚುವ ಹಾಗಿಲ್ಲ. ಪ್ರತಿ ಪಾಠವನ್ನೂ ಎರಡು ಸಲ ಕಲಿಸಬೇಕು ಅಂತಲೇ ಇಟ್ಟುಕೊಳ್ಳಿ.

ಒತ್ತಡ ಮತ್ತು ಬಿಡುಗಡೆ, ಇಷ್ಟೇ ವಿದ್ಯೆ. ಹಗ್ಗದಿಂದ ಹಗುರವಾಗಿ ಕೇಳಿ. ಕುದುರೆ ಬೇಕಾದ ಕಡೆ ಅರ್ಧ ಹೆಜ್ಜೆ ಎತ್ತಿದ ಕ್ಷಣವೇ ಹಗ್ಗ ಸಡಿಲ ಬಿಡಿ. ಕಲಿಸುವುದು ಎಳೆತ ಅಲ್ಲ, ಸಡಿಲ ಬಿಟ್ಟ ಆ ಕ್ಷಣ. ಎರಡು ಸೆಕೆಂಡ್ ತಡವಾಗಿ ಬಿಟ್ಟರೆ ಅಷ್ಟರಲ್ಲಿ ಅದು ಬೇರೇನೋ ಮಾಡಿರುತ್ತದೆ, ಆ ಬೇರೆಯದನ್ನೇ ಕಲಿಯುತ್ತದೆ. ನಿಲ್ಲು, ನಡೆ, ಹಿಂದೆ ಸರಿ, ಸೊಂಟ ಆಚೆ ಸರಿಸು, ಈ ನಾಲ್ಕು ಬಂದರೆ ಸಾಕು. ಒಂದೊಂದಕ್ಕೂ ಒಂದೇ ಮಾತು ಇಟ್ಟುಕೊಳ್ಳಿ, ಮನೆಯವರೆಲ್ಲ ಅದೇ ಮಾತು ಬಳಸಲಿ. ದಿನಕ್ಕೆ 20 ನಿಮಿಷ, ವಾರಕ್ಕೆ ನಾಲ್ಕು ದಿನ ಧಾರಾಳ. ಬಿಡುವು ಕೊಟ್ಟ ದಿನ ಕುದುರೆ ಕಲಿತದ್ದನ್ನು ಮರೆಯುವುದಿಲ್ಲ.

ಮರಳಿನ ಚೀಲದ ವಿಷಯ. ಚೀಲ ಸರಿದು ಹೊಟ್ಟೆಯ ಕೆಳಗೆ ತೂಗಾಡಿತು ಅಂದರೆ ಕುದುರೆ ಬೆದರಿ ಓಡುತ್ತದೆ, ಓಡಿದಷ್ಟೂ ಚೀಲ ಕಾಲಿಗೆ ಬಡಿಯುತ್ತದೆ. ಹಾಗೆ ಒಮ್ಮೆ ಆದ ಕುದುರೆ ಜೀನು ಕಂಡರೆ ನಡುಗುತ್ತದೆ, ಅದನ್ನು ಸರಿಪಡಿಸಲು ವರ್ಷ ಹಿಡಿಯಬಹುದು. ಇನ್ನು ಉತ್ತ ಹೊಲ. ಮೆತ್ತನೆ ಮಣ್ಣಿನಲ್ಲಿ ಸುಸ್ತಾದ ಕುದುರೆಯ ಮೊದಲು ಸೋಲುವ ಭಾಗ ಮುಂಗಾಲಿನ ಹಿಂದಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು. ಅದು ಒಮ್ಮೆ ಹರಿದರೆ ಗುಣವಾಗಲು ಸುಮಾರು ಒಂದು ವರ್ಷ ಬೇಕು, ಮೊದಲಿನ ಗಟ್ಟಿತನ ಬರುವುದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸುಸ್ತಾಗಿ ಸುಮ್ಮನಿದ್ದ ಕುದುರೆ ಏನನ್ನೂ ಒಪ್ಪಿರುವುದಿಲ್ಲ. ನಾಳೆ ಬೆಳಗ್ಗೆ ಮೇವು ತಿಂದು ಎದ್ದಾಗ ಪಾಠ ಮತ್ತೆ ಮೊದಲಿನಿಂದ ಶುರು, ಈ ಸಲ ಭಯದ ಜೊತೆ.

ಜೀನು ಆರಿಸುವಾಗ ಹುಷಾರು. ಕಾನ್ಪುರದಲ್ಲಿ ತಯಾರಾಗುವ ಜೀನುಗಳು ಎಲ್ಲ ಕಡೆ ಸಿಗುತ್ತವೆ, ಬೆಲೆಯೂ ಕಡಿಮೆ. ಆದರೆ ಹೆಚ್ಚಿನವು ದೊಡ್ಡ ಕುದುರೆಗಳ ಅಳತೆಯವು. ಜೀನು ಭುಜದ ಎಲುಬಿನ ಮೇಲೆ ಬರಬಾರದು, ಹಿಂದೆ ಕೊನೆಯ ಪಕ್ಕೆಲುಬನ್ನು ದಾಟಬಾರದು. ಚಿಕ್ಕ ಕುದುರೆಯಲ್ಲಿ ಈ ಎರಡರ ನಡುವೆ ಜಾಗ ಬಹಳ ಕಡಿಮೆ. ಹೆಗಲ ಉಬ್ಬಿನ ಮೇಲೆ ಎರಡು ಮೂರು ಬೆರಳು ತೂರುವಷ್ಟು ಸಂದು ಇರಬೇಕು, ಮೇಲೆ ಜನ ಕೂತಾಗಲೂ. ನಡೆಸಿದ ಮೇಲೆ ಜೀನು ತೆಗೆದು ಬೆವರಿನ ಗುರುತು ನೋಡಿ. ಎಲ್ಲ ಕಡೆ ಒದ್ದೆಯಾಗಿದ್ದು ಅಂಗೈಯಷ್ಟು ಜಾಗ ಮಾತ್ರ ಒಣಗಿದ್ದರೆ ಅಲ್ಲಿ ಜೀನು ಒತ್ತುತ್ತಿರಬಹುದು.

ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬಂದರೆ ಹೊಡೆಯಬೇಡಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಸುರಿಯುತ್ತಲೇ ಇರುತ್ತದೆ, ಮೇವು ಇಲ್ಲದಿದ್ದರೆ ಹುಣ್ಣಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಕರೆಯುವುದು ನಮ್ಮ ಕಡೆ ರೂಢಿ, ಅದು ತಪ್ಪು. ಪಾಠಕ್ಕೆ ಅರ್ಧ ಗಂಟೆ ಮೊದಲು ಎರಡು ಹಿಡಿ ಒಣಹುಲ್ಲು ಕೊಡಿ. ಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯದೆ ಒಂದು ತೂತು, ನಾಲ್ಕು ಹೆಜ್ಜೆ, ಮತ್ತೊಂದು ತೂತು, ಹೀಗೆ ಮಾಡಿ.

ಮುಂದೆ ನಡೆಯುವ ಪಾಠಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಎರಡು ಉದ್ದ ಹಗ್ಗ. ತಲೆಪಟ್ಟಿಯ ಎರಡೂ ಬದಿಗೆ ಏಳೆಂಟು ಮೀಟರ್ ಹಗ್ಗ ಕಟ್ಟಿ, ಜೀನಿನ ರಿಕಾಪಿನ (ಸವಾರರು ಕಾಲಿಡುವ ಬಳೆಯ) ಮೂಲಕ ಹಾಯಿಸಿ, ಕುದುರೆಯ ಹಿಂದೆ ಸ್ವಲ್ಪ ಪಕ್ಕಕ್ಕೆ, ಒದೆತಕ್ಕೆ ಸಿಗದಷ್ಟು ದೂರ ನಡೆಯುವುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಯಾವತ್ತೂ. ಮೊದಲ ದಿನಗಳಲ್ಲಿ ಮಗಳು ಮುಂದೆ ನಡೆಯಲಿ. ಆಮೇಲೆ ಪಕ್ಕಕ್ಕೆ ಬರಲಿ, ಆಮೇಲೆ ಕುದುರೆಯ ಭುಜದ ಹತ್ತಿರ, ಕೊನೆಗೆ ನಿಮ್ಮ ಜೊತೆ ಹಿಂದೆ. ಹೀಗೆ ಮುಂದಿರುವವರು ಮೆಲ್ಲಗೆ ಮಾಯವಾಗಬೇಕು. ಕುದುರೆ ಒಂಟಿಯಾಗಿ ಹೊಲದ ಬದು ಹಿಡಿದು, ನಿಮ್ಮ 'ನಡೆ' ಅನ್ನೋ ಮಾತಿಗೆ ಹೊರಟು, 'ನಿಲ್ಲು' ಅಂದರೆ ನಿಂತು, ಎಡಬಲ ತಿರುಗಿತು ಅಂದರೆ ಸವಾರಿಯ ಮುಕ್ಕಾಲು ಕೆಲಸ ಯಾರೂ ಮೇಲೆ ಹತ್ತದೇ ಮುಗಿದ ಹಾಗೆ. ಗುಂಡಗೆ ಸುತ್ತು ಹಾಕಿಸುವುದನ್ನು ಮಾತ್ರ ಹತ್ತು ಹದಿನೈದು ನಿಮಿಷಕ್ಕೆ ಮುಗಿಸಿ, ವೃತ್ತ 15 ಮೀಟರಿಗಿಂತ ಚಿಕ್ಕದಾಗದಿರಲಿ. ಕೀಲುಗಳಿಗೆ ಅದು ಕಷ್ಟ. ಕಡಿವಾಣಕ್ಕೆ ಅವಸರವಿಲ್ಲ. ದವಡೆಯ ಮುಂದೆ 'ವುಲ್ಫ್ ಟೂತ್' ಅನ್ನುವ ಪುಟ್ಟ ಹಲ್ಲು ಇದ್ದರೆ ಕಬ್ಬಿಣ ತಾಗಿ ನೋವಾಗಬಹುದು, ವೈದ್ಯರಿಗೆ ತೋರಿಸಿದ ಮೇಲೆ ನೋಡೋಣ. ಬೇಲಿ ಹಾಕಿದ ಜಾಗದಲ್ಲಿ ತಲೆಪಟ್ಟಿಯೇ ಸಾಕು.

ಹತ್ತುವ ದಿನಕ್ಕೆ ಬರೋಣ. ಕುದುರೆಯ ಕಣ್ಣು ತಲೆಯ ಎರಡೂ ಬದಿಗಿವೆ. ಸುಮಾರು 350 ಡಿಗ್ರಿ ಕಾಣುತ್ತದೆ. ನೇರ ಹಿಂದೆ ಮತ್ತು ಹಣೆಯ ಮುಂದೆ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಎಡಗಡೆಯಿಂದ ಹತ್ತುವವರು ಎಡಗಣ್ಣಿಗೆ ಕಾಣುತ್ತಿರುತ್ತಾರೆ. ಕಾಲು ಆಚೆ ಹಾಕಿದ ಕ್ಷಣ ಬಲಗಣ್ಣಿಗೆ ಎಲ್ಲಿಂದಲೋ ಒಂದು ಕಾಲು ಪ್ರತ್ಯಕ್ಷವಾಗುತ್ತದೆ. ಅದೂ ಬೆನ್ನ ಮೇಲೆ, ಎತ್ತರದಲ್ಲಿ. ಹೇರು ಹೊತ್ತ ಕುದುರೆಗೆ ಭಾರದ ಭಯ ಇರುವುದಿಲ್ಲ, ಬೆಚ್ಚಿಬೀಳುವುದು ಈ ಕ್ಷಣಕ್ಕೆ. ಹಾಗಾಗಿ ಆ ಕ್ಷಣವನ್ನು ಚೂರು ಚೂರು ಮಾಡಿ ಕಲಿಸಬೇಕು.

ಗಟ್ಟಿಯಾದ ಕಟ್ಟೆಯೋ ಮರದ ಪೆಟ್ಟಿಗೆಯೋ ಇಟ್ಟುಕೊಳ್ಳಿ. ನೆಲದಿಂದ ರಿಕಾಪು ಹಿಡಿದು ಏರಿದರೆ ಜೀನು ಒಂದು ಕಡೆ ಎಳೆದು ಬೆನ್ನು ತಿರುಚುತ್ತದೆ. ಮೊದಲು ಕಟ್ಟೆಯ ಮೇಲೆ ನಿಂತು ಸುಮ್ನೆ ಕುದುರೆಯ ಜೂಲು ಕೆರೆಯಿರಿ. ಎರಡೂ ಬದಿಯಿಂದ. ಮನುಷ್ಯ ತನಗಿಂತ ಎತ್ತರದಲ್ಲಿದ್ದಾನೆ ಅನ್ನೋದೇ ಅದಕ್ಕೆ ಹೊಸದು. ಮುಂದಿನ ಪಾಠದಲ್ಲಿ ಎಡಗಡೆ ನಿಂತು ಬಲಗಡೆಯ ಪಕ್ಕೆಯನ್ನು ಕೈಯಿಂದ ತಟ್ಟಿ. ಬಲಗಣ್ಣಿಗೆ ನಿಮ್ಮ ಕೈ ಕಾಣಲಿ, ತಕ್ಷಣ ತೆಗೆಯಿರಿ. ಪಕ್ಕೆಯ ಉಸಿರು ನೋಡುತ್ತಲೇ ಇರಿ. ಉಸಿರು ನಿಂತರೆ ಕೆಳಗಿಳಿದು, ಹಿಂದಿನ ಹೆಜ್ಜೆಗೆ ಹೋಗಿ. ಅದಾದ ಮೇಲೆ ಸವಾರರು (ಅದು ಯಾರು ಅಂತ ಮುಂದೆ ಹೇಳುತ್ತೇನೆ) ಹೊಟ್ಟೆಯ ಭಾರ ಜೀನಿನ ಮೇಲೆ ಹಾಕಿ ಅಡ್ಡ ಮಲಗುವುದು, ಐದು ಎಣಿಸುವಷ್ಟರಲ್ಲಿ ಇಳಿಯುವುದು. ಯಾರಾದರೂ ತಲೆಯ ಹತ್ತಿರ ಹಗ್ಗ ಹಿಡಿದು ನಿಂತಿರಲಿ, ಕಟ್ಟಿಹಾಕಬೇಡಿ. ಅಡ್ಡ ಮಲಗಿದಾಗ ಕುದುರೆ ತಲೆ ತಿರುಗಿಸಿ ಮೂಸುತ್ತದೆ ಅಂದರೆ ಒಳ್ಳೆಯ ಲಕ್ಷಣ. ಆಮೇಲೆ ಕಾಲು ಹಾಕಿ ಕೂರುವುದು, ಮೊದಲು ಬಗ್ಗಿಕೊಂಡು, ನಿಧಾನಕ್ಕೆ ನೆಟ್ಟಗಾಗುವುದು. ಅಂದಿನ ಪಾಠ ಅಲ್ಲಿಗೇ ಮುಗಿಯಲಿ. ಒಂದು ಹೆಜ್ಜೆಯೂ ಬೇಡ.

ಮೊದಲ ಸಲ ಕೂರುವವರು ನಿಮ್ಮ ಮಗಳಾಗಬಾರದು. ಕುದುರೆಗೂ ಹೊಸದು, ಸವಾರಳಿಗೂ ಹೊಸದು ಅಂದರೆ ಇಬ್ಬರಲ್ಲಿ ಒಬ್ಬರಿಗೆ ಪೆಟ್ಟು ಖಂಡಿತ. ಹಗುರ ಮೈಯ, ಎಳೆಗುದುರೆ ಪಳಗಿಸಿ ಅನುಭವವಿರುವ ಒಬ್ಬರನ್ನು ಹುಡುಕಿ. ನಿಮ್ಮ ಕಡೆ ಜಾತ್ರೆಯ ಶರ್ಯತ್ತಿನಲ್ಲಿ ಕುದುರೆ ಓಡಿಸುವ ಧೈರ್ಯವಂತ ಹುಡುಗರು ಸಿಗುತ್ತಾರೆ. ಧೈರ್ಯ ಇಲ್ಲಿ ಕೆಲಸಕ್ಕೆ ಬರುವ ಗುಣವಲ್ಲ. ಓಡಿಸುವುದನ್ನೇ ಕಲಿತವರಿಗೆ ನಿಲ್ಲಿಸುವ ಪಾಠ ಬೇಸರ ತರಿಸುತ್ತದೆ. ಮಗಳು ಅಷ್ಟರಲ್ಲಿ ಬೆಳಗಾವಿಯಲ್ಲೋ ಬೇರೆಲ್ಲೋ ಪಳಗಿದ ಕುದುರೆಯ ಮೇಲೆ ಕೂರುವುದನ್ನು ಕಲಿಯಲಿ. ಕುದುರೆ ಸವಾರಿಗೆಂದೇ ಮಾಡಿದ ಹೆಲ್ಮೆಟ್ ಬೇಕು, ಬೈಕಿನದು ನಡೆಯಲ್ಲ. ರಿಕಾಪಿನಿಂದ ಪಾದ ಪೂರ್ತಿ ಒಳಗೆ ಜಾರದಂತೆ ಸಣ್ಣ ಹಿಮ್ಮಡಿಯ ಶೂ ಇರಲಿ. ಚಪ್ಪಲಿಯಲ್ಲಿ ಹತ್ತಲೇಬಾರದು.

ಮೇಲೆ ಕೂತವರ ಮೊದಲ ಹೆಜ್ಜೆಗಳು ನಿಮ್ಮ ಮಾತಿನ ಮೇಲೆ ನಡೆಯಬೇಕು. ನೆಲದಿಂದ ನೀವು 'ನಡೆ' ಅನ್ನಿ. ಕೆಲವು ದಿನಗಳ ಮೇಲೆ ಸವಾರರು ಹಿಮ್ಮಡಿಯಿಂದ ಮೆತ್ತಗೆ ಒತ್ತಿ, ಆಮೇಲೆ 'ನಡೆ' ಅನ್ನಲಿ. ಒತ್ತುವುದು ಮೊದಲು, ಮಾತು ಆಮೇಲೆ. ಹಾಗಾದರೆ ಸ್ವಲ್ಪ ದಿನಕ್ಕೆ ಒತ್ತಿದರೇ ಹೊರಡುತ್ತದೆ. ನಿಂತೇಬಿಟ್ಟರೆ ಹೊಡೆಯಬೇಡಿ, ತಲೆಯನ್ನು ಒಂದು ಪಕ್ಕಕ್ಕೆ ಸ್ವಲ್ಪ ತಿರುಗಿಸಿ. ಸಮತೋಲ ತಪ್ಪಿ ಒಂದು ಕಾಲು ಎತ್ತಲೇಬೇಕಾಗುತ್ತದೆ. ಆ ಒಂದು ಹೆಜ್ಜೆಗೆ ಹೊಗಳಿ.

ಮೈ ಗಟ್ಟಿಯಾಗುವ ಲೆಕ್ಕ ಬೇರೆ. ಸ್ನಾಯು ಎರಡು ಮೂರು ತಿಂಗಳಿಗೆ ತಯಾರಾಗುತ್ತದೆ, ಸ್ನಾಯುರಜ್ಜು ಮತ್ತು ಎಲುಬು ಅದಕ್ಕಿಂತ ನಿಧಾನ. ಮರಿ ಹಾಕಿದ ಕುದುರೆಗಳ ಬೆನ್ನು ಸ್ವಲ್ಪ ಜಗ್ಗಿರುತ್ತದೆ, ಹೊಟ್ಟೆಯ ಸ್ನಾಯು ಸಡಿಲ. ಇಳಿಜಾರಿನಲ್ಲಿ ಏರಿಸಿ ಇಳಿಸುವ ನಡಿಗೆ, ನೆಲದ ಮೇಲೆ ಇಟ್ಟ ಮರದ ಕೋಲುಗಳನ್ನು ದಾಟಿಸುವುದು, ಇವೆರಡು ಬೆನ್ನಿಗೆ ಬಹಳ ಒಳ್ಳೆಯದು. ಮೇಲೆ ಜನರಿಲ್ಲದೆ ಮಾಡಿ. ಸವಾರಿ ಮೊದಲು ಹತ್ತು ನಿಮಿಷ, ನಡಿಗೆ ಮಾತ್ರ. ಆರು ತಿಂಗಳ ಹೊತ್ತಿಗೆ ಅರ್ಧ ಗಂಟೆ ನಡಿಗೆ, ಮಧ್ಯೆ ಸ್ವಲ್ಪ ಟ್ರಾಟ್ ಬಂದರೆ ಚೆನ್ನಾಗಿ ನಡೆಯುತ್ತಿದೆ ಅಂತ ತಿಳಿಯಿರಿ. ನಾಗಾಲೋಟದ ಆಸೆ ಮುಂದಿನ ವರ್ಷಕ್ಕಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಎಂಟರೊಳಗೆ ಎಲ್ಲ ಮುಗಿಸಿ.

ಮೇವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಜೋಳದ ಸೀಮೆಯವರಿಗೆ ಒಂದು ಮಾತು. ಒಣ ಕಣಿಕೆ ತೊಂದರೆಯಿಲ್ಲ. ಎಳೆಯ ಹಸಿ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಬೇಡವೇ ಬೇಡ. ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ದನಕ್ಕಷ್ಟೇ ಅಲ್ಲ, ದಿನಗಟ್ಟಲೆ ಮೇಯ್ದರೆ ಕುದುರೆಯ ಹಿಂಗಾಲು ತಡವರಿಸುತ್ತವೆ, ಮೂತ್ರ ಹಿಡಿತ ತಪ್ಪಿ ತೊಟ್ಟಿಕ್ಕುತ್ತದೆ. ಒಣಮೇವು ದಿನಕ್ಕೆ ಮೈತೂಕದ ಶೇ. 2, ಅಂದರೆ ಸುಮಾರು 5 ಕೆ.ಜಿ. ಹುರುಳಿ ನೆನೆಸಿ ಅಥವಾ ಬೇಯಿಸಿ, ಅರ್ಧ ಕೆ.ಜಿ. ಸಾಕು. 'ಶಕ್ತಿ ಬರಲಿ' ಅಂತ ಎರಡು ಕೆ.ಜಿ. ತಿನ್ನಿಸಿ, ಆಮೇಲೆ ಕುದುರೆ ನೆಗೆಯುತ್ತದೆ ಅಂತ ದೂರುವವರು ಬಹಳ ಜನ.

ಮುಂದೆ ಒಂದು ದಿನ ಇದ್ದಕ್ಕಿದ್ದಂತೆ ಪಾಠ ಕೆಟ್ಟರೆ ಮೊದಲು ನೋವಿದೆಯಾ ನೋಡಿ, ಆಮೇಲೆ ಶಿಸ್ತಿನ ಮಾತು. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಸವಾರಿಯ ವೇಳೆ ಗಮನಿಸಬೇಕಾದ 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಕಿವಿ ತುಂಬ ಹೊತ್ತು ಹಿಂದಕ್ಕಿರುವುದು, ಬಾಲ ಬೀಸುತ್ತಲೇ ಇರುವುದು, ಬಾಯಿ ತೆರೆಯುವುದು, ಎಡವುವುದು, ಇಂಥವು. ಒಂದೇ ಸವಾರಿಯಲ್ಲಿ ಎಂಟು ಅಥವಾ ಹೆಚ್ಚು ಕಂಡರೆ ನೋವಿರುವ ಸಾಧ್ಯತೆ ಹೆಚ್ಚು. ಹೆಣ್ಣುಕುದುರೆ ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಅದು ಐದಾರು ದಿನ ಇರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಕೆಲವು 'ಮೊಂಡುತನ'ಗಳ ಕಾರಣ ಅಲ್ಲೇ ಸಿಗುತ್ತದೆ.

ಮುಂದಿನ ಸಲ ಬರೆಯುವಾಗ ಆ ಎರಡು ಅಳತೆ, ಅಂಚಿನ ಹಲ್ಲಿನ ಒಂದು ಫೋಟೋ, ಮತ್ತು ಸಮ ನೆಲದಲ್ಲಿ ಕುದುರೆಯನ್ನು ಬರಿ ಬೆನ್ನಿನಲ್ಲಿ ನಿಲ್ಲಿಸಿ ಎರಡೂ ಪಕ್ಕದಿಂದ ತೆಗೆದ ಫೋಟೋ ಕಳಿಸಿ. ಕ್ಯಾಮೆರಾ ಕುದುರೆಯ ಹೊಟ್ಟೆಯ ಮಟ್ಟಕ್ಕಿರಲಿ, ಮೇಲಿನಿಂದ ತೆಗೆದರೆ ಬೆನ್ನಿನ ಆಕಾರ ತಿಳಿಯುವುದಿಲ್ಲ. ಜೀನನ್ನು ಅಲ್ಲಿಯ ತನಕ ಕೊಳ್ಳಬೇಡಿ.